ಹಾಲಿನ ನಂಟು

ಖಲೀಮುಲ್ಲಾ ಅವರ ಕಿರಿಯ ಮಗಳು ಅಂಬರೀನ್ ಕಾಲೇಜಿನಲ್ಲಿ ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಆ ಮನೆಯಲ್ಲಿ ಒಬ್ಬೊಬ್ಬರಿಂದ ಒಂದೊಂದು ಉತ್ತರ ಬರುತ್ತಿತ್ತು. ಖಲೀಮುಲ್ಲಾ “ಬಿ.ಎ.” ಎಂದಷ್ಟೇ ಹೇಳಿ ರೇಷ್ಮೆಗೂಡಿನ ರೇಟಿನ ಮಾತಿಗೆ ಹೊರಳುತ್ತಿದ್ದರು. ಮಗ ಫಾಜಿಲ್ “ಕೋತಿ ಮನುಷ್ಯ ಆಗಿದ್ದು ಹೆಂಗೆ ಅಂತ ಓದ್ತಾಳೆ, ಅದಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕು, ಕನ್ನಡಿ ಸಾಕಿತ್ತು” ಎಂದು ನಗುತ್ತಿದ್ದ. ತಾಯಿ ಶಹರ್ ಬಾನು “ಟೀಚರ್ ಆಗ್ತಾಳೆ” ಎಂದು ತಾವೇ ತೀರ್ಮಾನಿಸಿಬಿಟ್ಟಿದ್ದರು. ಖಲೀಮುಲ್ಲಾ ಅವರ ತಾಯಿ, ಮಕ್ಕಳೆಲ್ಲ ದಾದಿ ಎಂದು ಕರೆಯುವ ಹಣ್ಣು ಮುದುಕಿ, “ಊರೋರ ಮನೆ ವಿಷಯ ಕೇಳೋಕೆ ಸರ್ಟಿಫಿಕೇಟ್ ಕೊಡ್ತಾರಂತೆ. ನಮ್ಮ ಕಾಲದಲ್ಲಿ ಸುಮ್ಮನೆ ಕೇಳ್ತಿದ್ವಿ” ಎನ್ನುತ್ತಿದ್ದರು. ನನ್ನನ್ನು ಕೇಳಿದರೆ ನಿಜಕ್ಕೆ ಹತ್ತಿರವಾದದ್ದು ದಾದಿಯ ಉತ್ತರವೇ.

ಅವಳು ಓದುತ್ತಿದ್ದದ್ದು ಮಾನವಶಾಸ್ತ್ರ. ಚಿಕ್ಕಬಳ್ಳಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಆ ವಿಷಯ ಹೊಸದಾಗಿ ಶುರುವಾಗಿತ್ತು. ಬಿ.ಕಾಂ. ಸೀಟು ಸಿಗದೆ, ಉಳಿದಿದ್ದಕ್ಕೆ ಸೇರಿ, ತಿಂಗಳೊಪ್ಪತ್ತಿನಲ್ಲಿ ಅದರ ಹುಚ್ಚು ಹಿಡಿಸಿಕೊಂಡವಳು ಅಂಬರೀನ್. ಬೆಳಿಗ್ಗೆ ಶಿಡ್ಲಘಟ್ಟದಿಂದ ಬಸ್ಸು ಹತ್ತುವಳು, ಸಂಜೆ ತಲೆತುಂಬ ಪ್ರಶ್ನೆ ಹೊತ್ತು ಇಳಿಯುವಳು. ಮೂರನೇ ವರ್ಷಕ್ಕೆ ಬಂದಾಗ ಒಂದು ಕುಟುಂಬವನ್ನು ಆರಿಸಿಕೊಂಡು, ಅದರ ಊಟ, ಕೆಲಸ, ನೆಂಟಸ್ತಿಕೆ ಎಲ್ಲವನ್ನೂ ವಾರಗಟ್ಟಲೆ ನೋಡಿ ವರದಿ ಬರೆಯಬೇಕಿತ್ತು. ಬೇರೆಯವರ ಮನೆಗೆ ಹೋಗಿ ಕೂರಲು ಅಬ್ಬಾ ಒಪ್ಪಲಿಲ್ಲ. ಹಾಗಾಗಿ ತನ್ನ ಮನೆಯನ್ನೇ ಹಿಡಿದಳು.

ಆ ಮನೆಯ ಮಾತು ಉರ್ದು. ಹೊಸಿಲು ದಾಟಿದರೆ ಕನ್ನಡ; ಗೂಡು ತಂದವನು ಗಡಿಯಾಚೆಯವನಾದರೆ ತೆಲುಗು. ಓದುವವರಿಗೆ ತೊಡಕಾಗದಿರಲೆಂದು ಅವರ ಮಾತನ್ನೆಲ್ಲ ನಾನು ಬೀದಿಯ ಕನ್ನಡಕ್ಕೆ ತಂದಿದ್ದೇನೆ. ಕರೆಯುವ ಹೆಸರುಗಳನ್ನು ಮಾತ್ರ ಮುಟ್ಟಿಲ್ಲ. ಅಪ್ಪನ ತಂಗಿಯನ್ನು ಫುಪ್ಪು ಎಂದು ಕರೆಯುವವರ ಬಾಯಲ್ಲಿ ಸೋದರತ್ತೆ ಎಂದು ಹೇಳಿಸಲು ನನಗೇ ಒಂಥರಾ ಆಗುತ್ತದೆ.

ಆ ಫುಪ್ಪು ಇದ್ದದ್ದು ಚಿಂತಾಮಣಿಯಲ್ಲಿ. ಅವರ ಒಬ್ಬನೇ ಮಗ ಶೋಯೆಬ್, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವನು. ಅಂಬರೀನಳ ಅಕ್ಕ ಶೈಸ್ತಾಳಿಗೂ ಅವನಿಗೂ ನಿಶ್ಚಯವಾಗಿತ್ತು. ರಂಜಾನಿಗೆ ಮುಂಚೆ ನಿಕಾಹ್. ಶೈಸ್ತಾ ಪಿಯುಸಿ ಮುಗಿಸಿ ಓದು ಬಿಟ್ಟವಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಬೆರಳುಗಳೆಲ್ಲ ನೀರಿನಲ್ಲಿ ನೆಂದು ಬಿಳಿಚಿಕೊಂಡಿದ್ದವು. ಶೋಯೆಬನ ಫೋನು ಬಂದರೆ ಕೈ ಒರೆಸಿಕೊಂಡು ಮಹಡಿಗೆ ಓಡುವಳು. ಇಷ್ಟಪಟ್ಟ ಹುಡುಗನೇ ಮನೆಯವರೂ ಒಪ್ಪಿದ ಹುಡುಗನಾಗಿ ಸಿಗುವುದು ಎಷ್ಟು ಮಂದಿಯ ಪುಣ್ಯ? ಶೈಸ್ತಾಳಿಗೆ ಅದು ಸಿಕ್ಕಿತ್ತು, ಮತ್ತು ಅವಳಿಗೆ ಅದು ಗೊತ್ತಿತ್ತು.

ಮದುವೆಯ ಗಡಿಬಿಡಿಯ ನಡುವೆ ಅಂಬರೀನಳ ಪ್ರಶ್ನೆಗಳು ಎಲ್ಲರಿಗೂ ಕಾಟವಾದವು.

“ಅಮ್ಮಿ, ದಿನಾ ನೀವೇ ಯಾಕೆ ಕೊನೇಗೆ ಊಟ ಮಾಡೋದು?”

“ಮೊದಲೇ ಮಾಡಿದ್ರೆ ನಿಮಗೆ ಬಡಿಸೋರು ಯಾರು? ನಿಮ್ಮ ಮೇಡಂ ಬರ್ತಾರಾ?”

“ಮೇಡಂ ಅಂದ್ರೆ ನೆನಪಾಯ್ತು. ನಮ್ಮ ಚೈತ್ರ ಮೇಡಂ ಅವರಮ್ಮ ಮದುವೆ ಆಗಿರೋದು ತನ್ನ ಸೋದರಮಾವನ್ನೇ ಅಂತೆ.”

ಶಹರ್ ಬಾನು ಸೌಟು ಹಿಡಿದುಕೊಂಡೇ ನಿಂತರು. “ತೋಬಾ. ತಾಯಿ ತಮ್ಮನ್ನಾ?”

“ಅವರ ಕಡೆ ಅದು ಒಳ್ಳೆ ಸಂಬಂಧ. ಆದ್ರೆ ಚಿಕ್ಕಪ್ಪನ ಮಗ ಅಂದ್ರೆ ಅಣ್ಣ, ಅವನ್ನ ಮದುವೆ ಆಗಂಗಿಲ್ಲ. ನಮ್ಮಲ್ಲಿ ಆಗ್ತೀವಿ. ನಮ್ಮನ್ನ ನೋಡಿ ಅವರು ಹಿಂಗೇ ಬಾಯಿ ಬಿಡ್ತಾರೆ, ನೀವು ಈಗ ಬಿಟ್ರಲ್ಲ, ಹಂಗೆ.”

“ಅಪ್ಪನ ತಂಗಿ ಮಗ ಆದ್ರೆ?” ಎಂದ ಫಾಜಿಲ್, ಶೈಸ್ತಾಳ ಕಡೆ ನೋಡುತ್ತ.

“ಅದು ಅವರಲ್ಲೂ ಆಗುತ್ತೆ, ನಮ್ಮಲ್ಲೂ ಆಗುತ್ತೆ.”

“ನೋಡ್ದ್ಯಾ ಶೈಸ್ತಾ, ನಿಂದು ಎರಡೂ ಕಡೆ ಪಾಸ್.”

ಶೈಸ್ತಾ ತಟ್ಟೆಯಿಂದ ತಲೆಯೆತ್ತಲಿಲ್ಲ, ಆದರೆ ನಗು ಅಡಗಲಿಲ್ಲ. ದಾದಿ “ಅವರವರ ಮನೆ ಅವರವರಿಗೆ. ಉಪ್ಪಿನಕಾಯಿ ಈ ಕಡೆ ತಳ್ಳು” ಎಂದು ಮಾತು ಮುಗಿಸಿದರು.

ಅವರೆಕಾಯಿಯ ಕಾಲ. ಒಂದು ಭಾನುವಾರ ದಾದಿ, ಅಂಬರೀನ್ ಇಬ್ಬರೂ ಹಜಾರದಲ್ಲಿ ಕೂತು ಕಾಯಿ ಸುಲಿಯುತ್ತಿದ್ದರು. ನೆಂಟಸ್ತಿಕೆಯ ಚಿತ್ರ ಬರೆಯಬೇಕು ಎಂದು ಅಂಬರೀನ್ ಹೇಳಿದರೆ ದಾದಿಗೆ ಅರ್ಥವಾಗಲಿಲ್ಲ. ಆಗ ಅವಳು ಮೊರದ ಮೇಲೆ ಹೆಂಗಸರಿಗೆ ಅವರೆಕಾಳು, ಗಂಡಸರಿಗೆ ರೇಷ್ಮೆಗೂಡು ಎಂದು ಇಡತೊಡಗಿದಳು. ಮೇಲೆ ದಾದಿ, ದಾದಾ. ಅವರ ಕೆಳಗೆ ಅಬ್ಬಾ, ಫುಪ್ಪು. ಅಬ್ಬಾ ಪಕ್ಕ ಅಮ್ಮಿ. ಅವರ ಕೆಳಗೆ ಮಕ್ಕಳು. ಮುದುಕಿಗೆ ಈ ಆಟ ಹಿಡಿಸಿತು. ತೀರಿಹೋದವರಿಗೆಲ್ಲ ಸಿಪ್ಪೆ ಇಡು ಎಂದು ತಾವೇ ಹೊಸ ನಿಯಮ ಮಾಡಿದರು.

ಶೆಡ್ಡಿನಿಂದ ಬಂದ ಫಾಜಿಲ್ ನೀರು ಕುಡಿಯುತ್ತ ಬಗ್ಗಿ ನೋಡಿದ. “ಇದ್ಯಾಕೆ ಶೋಯೆಬನ್ನ ಅಷ್ಟು ದೂರ ಇಟ್ಟೀಯ? ನನ್ನ ಪಕ್ಕ ಇಡು. ನಾವಿಬ್ರೂ ದೂಧ್‌ಭಾಯಿ.”

ಹಾಲಿನ ಅಣ್ಣತಮ್ಮ ಎಂದು ಅದರ ಅರ್ಥ. ಆ ಮನೆಯಲ್ಲಿ ಇದು ಹಳೆಯ ತಮಾಷೆ. ಇಬ್ಬರೂ ಒಂದೇ ವರ್ಷ ಹುಟ್ಟಿದವರು. ಕ್ರಿಕೆಟ್ ಆಡುವಾಗಲೂ ಜಗಳವಾಡುವಾಗಲೂ ಆ ಹೆಸರಿನಿಂದಲೇ ಕೂಗಿಕೊಂಡವರು. ಅಂಬರೀನ್ ಅದನ್ನು ನೂರು ಸಲ ಕೇಳಿದ್ದಳು. ಆದರೆ ಅದೇ ವಾರ ತರಗತಿಯಲ್ಲಿ, ಕೆಲವು ಸಮಾಜಗಳಲ್ಲಿ ರಕ್ತದಂತೆ ಹಾಲೂ ನೆಂಟಸ್ತಿಕೆ ಕಟ್ಟುತ್ತದೆ, ನಿಮ್ಮಲ್ಲಿ ಇದೆಯೇ ಕೇಳಿನೋಡಿ ಎಂದು ಚೈತ್ರ ಮೇಡಂ ಹೇಳಿದ್ದರು. ಅವಳ ಮುಖ ಅರಳಿತು.

“ದಾದಿ, ನಿಜವಾಗ್ಲೂ ಅಮ್ಮಿನೇ ಕುಡಿಸಿದ್ದಾ?”

“ಮತ್ತೆ? ನಿನ್ನ ಫುಪ್ಪು ಹೆರಿಗೆಗೆ ಇಲ್ಲಿಗೆ ಬಂದಳಾ, ಹೆತ್ತ ಮೇಲೆ ಟೈಫಾಯ್ಡ್ ಬಂತು. ಕೋಲಾರದ ಆಸ್ಪತ್ರೆಗೆ ಸೇರಿಸಿದ್ರು. ಮಗೂನ ಇಲ್ಲೇ ಬಿಟ್ರು. ನಿಮ್ಮಮ್ಮಿಗೆ ಫಾಜಿಲ್ ಇನ್ನೂ ಮಡಿಲ ಕೂಸು. ಒಂದು ಕಡೆ ಇವನು, ಒಂದು ಕಡೆ ಅವನು.”

ಅಂಬರೀನ್ ಪಕ್ಕದ ನೂಲಿನ ಬುಟ್ಟಿಯಿಂದ ಒಂದು ಎಳೆ ತೆಗೆದು ಅಮ್ಮಿಯ ಕಾಳಿನಿಂದ ಶೋಯೆಬನ ಗೂಡಿಗೆ ಎಳೆದಳು. ದಾದಿ ಬೆರಳಿಟ್ಟು ಎಣಿಸಿದರು. “ಹಂಗಾದ್ರೆ ನಿಮ್ಮಮ್ಮಿಗೆ ಗಂಡುಮಕ್ಕಳು ಇಬ್ರು. ಫಾಜಿಲ್, ಶೋಯೆಬ್. ಆಮೇಲೆ ಹೆಣ್ಣು, ಶೈಸ್ತಾ, ನೀನು.”

ಮುದುಕಿ ಎಣಿಸಿ ಮುಂದಿನ ಕಾಯಿಗೆ ಕೈಹಾಕಿದರು. ಅಂಬರೀನಳ ಕೈ ಮಾತ್ರ ಅಲ್ಲೇ ನಿಂತಿತು. ಹಾಲು ಕುಡಿದವನು ಆ ತಾಯಿಯ ಮಗನಾದರೆ ಅವಳ ಮಕ್ಕಳಿಗೆಲ್ಲ ಅಣ್ಣನಾದ. ಜೊತೆಯಲ್ಲಿ ಕುಡಿದ ಫಾಜಿಲನೊಬ್ಬನಿಗೇ ಅಲ್ಲ, ಆಮೇಲೆ ಹುಟ್ಟಿದವರಿಗೂ. ಮನೆಮಂದಿಯೆಲ್ಲ ಇಷ್ಟು ವರ್ಷ ಆ ಹಾಲನ್ನು ಇಬ್ಬರು ಗಂಡುಮಕ್ಕಳ ನಡುವಿನ ಸಲಿಗೆ ಎಂದುಕೊಂಡಿದ್ದರೇ ಹೊರತು, ಅದು ತಾಯಿಯ ಕಡೆಯಿಂದ ಹರಿದುಬಂದದ್ದು ಎಂದು ಯಾರಿಗೂ ಹೊಳೆದಿರಲಿಲ್ಲ.

ಅವಳು ಮೊರವನ್ನೆತ್ತಿ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದಳು.

“ಏನೇ ಇದು, ನಮ್ಮನ್ನೆಲ್ಲ ಸಾರಿಗೆ ಹಾಕ್ತೀಯಾ?” ಎಂದರು ದಾದಿ. “ಗೂಡು ತೆಗಿಯೇ, ಹುಳ ಬೇಯುತ್ತೆ.”

ಆ ವಾರ ಅಂಬರೀನಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನಲ್ಲಿ ಇಳಿಯಬೇಕಾದ ಕಡೆ ಇಳಿಯಲಿಲ್ಲ. ಮನೆಯಲ್ಲಿ ಶೈಸ್ತಾ ಮದುವೆಯ ದುಪಟ್ಟಾಗೆ ಜರಿ ಹೊಲಿಯುತ್ತ “ಇಲ್ಲಿ ಹಿಡಿ” ಎಂದರೆ ಹಿಡಿದುಕೊಂಡು ಬೇರೆಲ್ಲೋ ನೋಡುವಳು. ಫೋನಿನಲ್ಲಿ ಹುಡುಕಿದಳು, ಹುಡುಕಿದಷ್ಟೂ ಅದೇ ಉತ್ತರ ಬಂತು: ಒಂದೇ ತಾಯಿಯ ಹಾಲಿನ ಅಣ್ಣತಂಗಿಯರ ನಡುವೆ ನಿಕಾಹ್ ಆಗದು.

ತರಗತಿ ಮುಗಿದ ಮೇಲೆ ಚೈತ್ರ ಮೇಡಂ ಬಳಿ ನಿಂತಳು. ಗೌರಿಬಿದನೂರು ಕಡೆಯವರು, ವಯಸ್ಸಿನಲ್ಲಿ ಹೆಚ್ಚು ದೊಡ್ಡವರಲ್ಲ. ವಿಷಯ ಕೇಳಿ ಅವರು ಕುರ್ಚಿ ಎಳೆದು ಕೂತರು.

“ಬೇರೆಯವರ ಮನೆ ಆಗಿದ್ರೆ ಸುಲಭ ಇತ್ತಮ್ಮ. ನೋಡು, ಬರಿ, ಬಾಯಿ ಹಾಕಬೇಡ ಅಂತ ಹೇಳ್ತಿದ್ದೆ.”

“ನಂದೇ ಮನೆ ಮೇಡಂ.”

“ಅದೇ ನಾನು ಮಾಡಿದ ತಪ್ಪು. ನಿನ್ನ ಮನೇನೇ ತಗೋತೀನಿ ಅಂದಾಗ ಒಪ್ಪಬಾರದಿತ್ತು. ನಂಗೆ ಉತ್ತರ ಗೊತ್ತಿಲ್ಲ ಅಂಬರೀನ್. ಹೇಳಿದ್ರೂ ನಿನ್ನ ಜೊತೆ ಇರ್ತೀನಿ, ಹೇಳದೆ ಇದ್ರೂ ಇರ್ತೀನಿ.”

ಒಳ್ಳೆಯ ಮಾತು, ಆದರೆ ಉಪಯೋಗಕ್ಕೆ ಬಾರದ್ದು. ಅಂಬರೀನ್ ಮನೆಗೆ ಬಂದು, ಒಗೆಯುವ ಕಲ್ಲಿನ ಬಳಿ ಅಮ್ಮಿ ಒಬ್ಬರೇ ಇರುವುದನ್ನು ನೋಡಿ, ಎಲ್ಲ ಹೇಳಿಬಿಟ್ಟಳು.

ಶಹರ್ ಬಾನು ಮೊದಲು ನಕ್ಕರು. ಆಮೇಲೆ ನಗು ನಿಂತಿತು. ಸೋಪಿನ ಕೈಯಿಂದಲೇ ಮಗಳ ಕೆನ್ನೆಗೆ ಬಾರಿಸಿದರು.

“ಇದನ್ನ ಇನ್ನೊಂದ್ಸಲ ಬಾಯಲ್ಲಿ ತಂದ್ರೆ ನೋಡು.”

“ನಾನು ಸುಳ್ಳು ಹೇಳಿದೀನಾ ಅಮ್ಮಿ?”

“ನಿಜ ಹೇಳಿದೀಯ ಅಂತಾನೇ ಹೊಡ್ದಿದ್ದು. ಹೋಗು ಒಳಗೆ.”

ಶಹರ್ ಬಾನು ನಮಾಜು ತಪ್ಪಿಸುವವರಲ್ಲ. ಗೊತ್ತಾದ ಮೇಲೆ ಸುಮ್ಮನಿರುವುದು ಅವರಿಂದ ಆಗುವ ಮಾತಾಗಿರಲಿಲ್ಲ. ಎರಡು ಹೊತ್ತು ಊಟ ಬಿಟ್ಟರು, ಸಾರಿಗೆ ಉಪ್ಪು ಮರೆತರು, ಕೊನೆಗೆ ಗಂಡನಿಗೆ ಹೇಳಿದರು. ಖಲೀಮುಲ್ಲಾ ರಾತ್ರಿ ಊಟಕ್ಕೆ ಕೂತವರು ತಟ್ಟೆ ಸರಿಸಿದರು.

“ಓದೋಕೆ ಕಳಿಸಿದ್ದಾ ನಿನ್ನ, ಇಲ್ಲಾ ಮನೆ ಅಗೆಯೋಕಾ? ನಾಳೆಯಿಂದ ಕಾಲೇಜು ಬಂದ್.”

“ಅಬ್ಬಾ, ನಾನು ಕೇಳಿದ್ದು ಅಷ್ಟೇ. ಹಾಲು ಕುಡಿಸಿದ್ದು ನಾನಾ?”

“ಎದುರು ಮಾತಾಡ್ಬೇಡ.”

“ಅವಳ್ನ ಬೈದು ಏನಾಗುತ್ತೆ ಅಬ್ಬಾ,” ಎಂದ ಫಾಜಿಲ್. “ದೂಧ್‌ಭಾಯಿ ದೂಧ್‌ಭಾಯಿ ಅಂತ ಊರೆಲ್ಲ ಕೂಗಿದ್ದು ನಾನು. ನನಗಾದ್ರೂ ಹೊಳೀಬೇಕಿತ್ತು.”

ನೀರಿನ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದ ಶೈಸ್ತಾಳಿಗೆ ವಿಷಯ ತಿಳಿದದ್ದು ಹೀಗೆ. ಎಲ್ಲರ ಲೋಟಕ್ಕೂ ನೀರು ಬಗ್ಗಿಸಿ, ಅಂಬರೀನಳ ಲೋಟ ಬಿಟ್ಟು, ಒಳಗೆ ಹೋದಳು.

ಮರುದಿನವೇ ಸುದ್ದಿ ತಿಳಿದು ಚಿಂತಾಮಣಿಯಿಂದ ಫುಪ್ಪು ಬಂದಿಳಿದರು. ಚಪ್ಪಲಿ ಬಿಡುವ ಮೊದಲೇ ಶುರು.

“ಯಾರು ನೋಡಿದಾರೆ? ಯಾರು ನೋಡಿದಾರೆ ಹೇಳಿ. ಹಾಲ್ ಬುಕ್ ಆಗಿದೆ, ಬಟ್ಟೆ ತಂದಾಗಿದೆ. ನನಗೆ ಜ್ವರ, ನನಗೇನೂ ನೆನಪಿಲ್ಲ.”

“ಅಮ್ಮ ನೋಡಿದಾರೆ,” ಎಂದರು ಖಲೀಮುಲ್ಲಾ.

ಎಲ್ಲರೂ ದಾದಿಯ ಕಡೆ ತಿರುಗಿದರು. ಮುದುಕಿ ದಿನವಿಡೀ ತಸ್‌ಬೀಹ್ ಮಣಿ ತಿರುಗಿಸುತ್ತ ಇದೇ ಗಳಿಗೆಗೆ ಹೆದರಿ ಕೂತಿದ್ದರು. “ನಂಗೆ ವಯಸ್ಸಾಯ್ತಪ್ಪ,” ಎಂದರು. “ಆಗ ಮನೇಲಿ ಒಂದು ಮೇಕೆ ಇತ್ತು. ಮೇಕೆ ಹಾಲೇ ಇರ್ಬೇಕು. ಹೂಂ, ಮೇಕೆನೇ.”

“ದಾದಿ, ನೀವೇ ಅಲ್ವಾ ಒಂದು ಕಡೆ ಇವನು, ಒಂದು ಕಡೆ ಅವನು ಅಂತ…” ಅಂಬರೀನ್ ಬಾಯಿ ತೆರೆದಳು.

“ನೀನು ಸುಮ್ನಿರೇ.” ಐದು ಬಾಯಿಂದ ಒಟ್ಟಿಗೆ ಬಂತು.

ಆ ಮೇಕೆಯ ಮೇಲೆ ಎಲ್ಲರಿಗೂ ಎಂಥ ಪ್ರೀತಿ ಹುಟ್ಟಿತು ಎಂದರೆ, ಸಂಜೆಯ ಹೊತ್ತಿಗೆ ಅದರ ಬಣ್ಣ ಕಂದು ಎಂದು ಫುಪ್ಪು, ಅಲ್ಲ ಕಪ್ಪು ಎಂದು ಖಲೀಮುಲ್ಲಾ ವಾದಿಸುತ್ತಿದ್ದರು. ಶಹರ್ ಬಾನು ಮಾತ್ರ ಒಳಗೆ ಈರುಳ್ಳಿ ಹೆಚ್ಚುತ್ತ ಉಳಿದರು. ಅವರನ್ನು ಯಾರೂ ಕೇಳಲಿಲ್ಲ, ಯಾಕೆಂದರೆ ಕೇಳಿದರೆ ಏನು ಹೇಳುತ್ತಾರೋ ಎಂಬ ದಿಗಿಲು ಎಲ್ಲರಿಗೂ ಇತ್ತು.

ಖಲೀಮುಲ್ಲಾ ಮಸೀದಿಯ ಹಜ್ರತ್ ಅವರ ಬಳಿ ಹೋಗಿ ಬಂದರು. ಹಜ್ರತ್ ಸಮಾಧಾನದ ಮನುಷ್ಯ. “ಅನುಮಾನ ಅಂತ ಮದುವೆ ನಿಲ್ಲಿಸಬೇಡಿ,” ಎಂದರಂತೆ. “ಗೊತ್ತಿಲ್ಲದೆ ನಡೆದುಹೋದದ್ದಕ್ಕೆ ಪಾಪವಿಲ್ಲ. ಆದರೆ ನಿಜವಾಗಿ ಕುಡಿಸಿದ್ದರೆ ಅವನು ಆಕೆಯ ಮಗ; ಎಷ್ಟು ಕುಡಿಸಿದರು ಅಂತ ನಮ್ಮಲ್ಲಿ ಅಳತೆ ಇಲ್ಲ. ತಾಯಿ ಇದ್ದಾರಲ್ಲ, ಆಕೆಯನ್ನೇ ಕೇಳಣ. ಶುಕ್ರವಾರ ನಾನೇ ಬರ್ತೀನಿ.”

ಹೀಗೆ ಶೈಸ್ತಾಳ ಮದುವೆ ಅಮ್ಮಿಯ ಒಂದು ಮಾತಿಗೆ ಬಂದು ನಿಂತಿತು.

ಗುರುವಾರ ಮಧ್ಯಾಹ್ನ ಶೈಸ್ತಾ ಮಹಡಿಯ ಮೇಲೆ ಅಮ್ಮಿಯನ್ನು ಹಿಡಿದಳು. ಒಣಗಿದ ಬಟ್ಟೆ ತೆಗೆಯಲು ಹೋಗಿದ್ದ ಅಂಬರೀನ್ ಮೆಟ್ಟಿಲ ತುದಿಯಲ್ಲೇ ನಿಂತಳು.

“ಅಮ್ಮಿ, ನಾನು ನಿಮ್ಮನ್ನ ಯಾವತ್ತೂ ಏನೂ ಕೇಳಿಲ್ಲ. ಓದು ಸಾಕು ಅಂದ್ರಿ, ಬಿಟ್ಟೆ. ಬೇಸಿನ್ ಮುಂದೆ ಕೂರು ಅಂದ್ರಿ, ಕೂತೆ. ನಾಳೆ ಒಂದೇ ಒಂದು ಮಾತು. ಮೇಕೆ ಅನ್ನಿ.”

“ಶೈಸ್ತಾ…”

“ಮೇಕೆ ಅನ್ನಿ ಅಮ್ಮಿ. ಎಲ್ಲರೂ ಅಂತಿದಾರೆ. ದಾದಿ ಅಂದ್ರು, ಫುಪ್ಪು ಅಂದ್ರು. ನೀವೊಬ್ರು ಅಂದ್ರೆ ಮುಗೀತು. ಲೆಕ್ಕ ಕೇಳೋದಾದ್ರೆ ಮೇಲಿರೋನು ನನ್ನ ಕೇಳಲಿ.”

ಶಹರ್ ಬಾನು ಮಗಳ ಬಿಳಿಚಿದ ಬೆರಳುಗಳನ್ನು ಹಿಡಿದುಕೊಂಡರು. ಆಮೇಲೆ, “ಅಂತೀನಿ,” ಎಂದರು. “ಅಳಬೇಡ. ಅಂತೀನಿ.”

ಅಂಬರೀನ್ ಸದ್ದಾಗದಂತೆ ಕೆಳಗಿಳಿದಳು. ಅವಳಿಗೆ ಆದದ್ದು ಸಮಾಧಾನ, ಬೇರೇನೂ ಅಲ್ಲ. ಪುಸ್ತಕವೂ ಬೇಡ, ವರದಿಯೂ ಬೇಡ, ಅಮ್ಮಿ ಸುಳ್ಳು ಹೇಳಲಿ, ಅಕ್ಕ ಗೆಲ್ಲಲಿ ಎಂದು ಅವಳು ಮನಸಾರೆ ಬೇಡಿಕೊಂಡಳು.

ಶುಕ್ರವಾರ ನಮಾಜು ಮುಗಿಸಿ ಹಜ್ರತ್ ಬಂದರು. ಶೋಯೆಬನೂ ಬಂದಿದ್ದ, ಕುರ್ಚಿಯ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ. ಫಾಜಿಲ್ ಶೆಡ್ಡಿನ ಮೋಟಾರು ನಿಲ್ಲಿಸಿ ಬಂದು ಅವನ ಪಕ್ಕ ನಿಂತ. ಒಳಬಾಗಿಲ ಪರದೆಯ ಹಿಂದೆ ಹೆಂಗಸರು. ಚಹಾ ಕೊಟ್ಟಾಯಿತು, ಯಾರೂ ಕುಡಿಯಲಿಲ್ಲ.

“ಅಮ್ಮ,” ಎಂದರು ಹಜ್ರತ್ ಪರದೆಯ ಕಡೆಗೆ. “ನೆನಪಿಲ್ಲ ಅಂದ್ರೂ ನಡೆಯುತ್ತೆ. ನಿಮಗೆ ಗೊತ್ತಿರೋದನ್ನ ಹೇಳಿ. ಈ ಹುಡುಗನಿಗೆ ಕುಡಿಸಿದ್ರಾ?”

ಶಹರ್ ಬಾನು ಕೆಮ್ಮಿದರು. “ಮನೇಲಿ ಒಂದು ಮೇಕೆ ಇತ್ತು,” ಎಂದರು.

ಫುಪ್ಪು ಉಸಿರು ಬಿಟ್ಟಿದ್ದು ಈ ಕಡೆ ಕೂತವರಿಗೂ ಕೇಳಿಸಿತು. ಶೈಸ್ತಾ ಕಣ್ಣು ಮುಚ್ಚಿದಳು.

“ಮೇಕೆ ಹಾಲು ಅವನಿಗೆ ಒಗ್ಗಲಿಲ್ಲ,” ಎಂದರು ಶಹರ್ ಬಾನು. “ಕುಡಿಸಿದ್ದೆಲ್ಲ ಕಕ್ಕೋತಿದ್ದ. ಅತ್ತೂ ಅತ್ತೂ ಆಮೇಲೆ ಅಳೋಕೂ ಆಗ್ತಿರಲಿಲ್ಲ ಅವನಿಗೆ. ತಣ್ಣಗಾಗಿಬಿಟ್ಟಿದ್ದ. ನಾನೇ ಎತ್ಕೊಂಡೆ. ಒಂದು ಸಲ ಅಲ್ಲ, ಅವರಮ್ಮ ಕೋಲಾರದಿಂದ ಬರೋವರೆಗೂ. ಇಬ್ಬರಿಗೆ ಸಾಲದೆ ಫಾಜಿಲ್‌ಗೆ ರಾಗಿ ಸರಿ ತಿನ್ನಿಸಿ, ನನ್ನ ಮಗನ ಪಾಲು ಇವನಿಗೆ ಕೊಟ್ಟೆ.”

“ಅಮ್ಮಿ,” ಎಂದಳು ಶೈಸ್ತಾ, ಮೆಲ್ಲಗೆ.

“ಮೇಕೆ ಅಂತೀನಿ ಅಂತ ಮಾತು ಕೊಟ್ಟಿದ್ದೆ ಕಣೇ. ಹೇಳೋಕೆ ಅಂತಾನೇ ಶುರು ಮಾಡಿದ್ದು. ಆಗಲಿಲ್ಲ. ಅವನು ನನ್ನ ಕೈಯಲ್ಲಿ ಬದುಕಿದ್ದು. ಅದನ್ನ ಹೆಂಗೆ ಇಲ್ಲ ಅನ್ನಲಿ?” ಶಹರ್ ಬಾನು ಜೋರಾಗಿ ಅತ್ತುಬಿಟ್ಟರು.

ಶೋಯೆಬ್ ಎದ್ದು ಹೊರಗೆ ಹೋದ. ಫಾಜಿಲ್ ಹಿಂದೆಯೇ ಓಡಿದ. ಹಜ್ರತ್ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಅಲ್ಲಾಹ್ ಇದಕ್ಕಿಂತ ಒಳ್ಳೆಯದನ್ನು ಕೊಡಲಿ ಎಂದು ಹೇಳಿ ಎದ್ದರು. ಫುಪ್ಪು ಬುರ್ಖಾ ಹಾಕಿಕೊಂಡರು. ಬಾಗಿಲ ತನಕ ಹೋದವರು ತಿರುಗಿ ಬಂದು, ಅಳುತ್ತಿದ್ದ ಅತ್ತಿಗೆಯ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೋದರು.

ಮದುವೆ ನಿಂತ ಮನೆ ಹೇಗಿರುತ್ತದೆ ಎಂದು ನಾನು ಬಣ್ಣಿಸಬೇಕಾಗಿಲ್ಲ. ಯಾರು ಯಾವ ಕೆಲಸಕ್ಕೆ ಕೈಹಾಕಿದರೂ ಅರ್ಧಕ್ಕೇ ಬಿಡುತ್ತಿದ್ದರು. ಖಲೀಮುಲ್ಲಾ ಮಾರುಕಟ್ಟೆಗೆ ಹೋಗಿ ಗೂಡು ಕೊಳ್ಳದೆ ಬಂದರು. ಸಿಹಿ ಹಂಚಲು ತಂದ ಡಬ್ಬಿಗಳನ್ನು ಎಲ್ಲಿಡುವುದೆಂದು ತೋಚದೆ ಫಾಜಿಲ್ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತು ತಿರುಗಿದ. ಶೈಸ್ತಾ ಬೆಳಿಗ್ಗೆ ಎದ್ದು ಬೇಸಿನ್ ಮುಂದೆ ಕೂತರೆ ಕತ್ತಲಾದ ಮೇಲೆ ಏಳುವಳು. ಅಂಬರೀನ್ ಚಹಾ ತಂದಿಟ್ಟರೆ ಅದು ಹಾಗೇ ಆರಿ ಕೆನೆಗಟ್ಟುತ್ತಿತ್ತು.

ಒಂದು ದಿನ ಅಂಬರೀನ್ ತಡೆಯಲಾರದೆ ಶೆಡ್ಡಿನಲ್ಲಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಆಪಾ, ಬೈ. ಹೊಡಿ. ಏನಾದ್ರೂ ಮಾಡು.”

ಶೈಸ್ತಾ ನೀರಿನಿಂದ ಕೈ ತೆಗೆಯಲಿಲ್ಲ. “ಹಜ್ರತ್ ಏನಂದ್ರು? ಗೊತ್ತಿಲ್ಲದೆ ಆಗಿದ್ದಕ್ಕೆ ಪಾಪ ಇಲ್ಲ ಅಂದ್ರು. ನಂಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಅಷ್ಟೊಂದು ಸುಖ ಇತ್ತು ನಮಗೆ. ಅದನ್ನ ನೀನು ಕಿತ್ಕೊಂಡೆ.”

“ನಾನು ಬೇಕು ಅಂತ ಮಾಡಲಿಲ್ಲ.”

“ಬೇಕು ಅಂತ ಮಾಡಿದ್ರೆ ದ್ವೇಷನಾದ್ರೂ ಮಾಡಬೋದಿತ್ತು. ಏಳು, ನೀರು ಎರಚುತ್ತೆ.”

ಕಾಲೇಜು ಬಂದ್ ಎಂಬ ಅಬ್ಬಾನ ಮಾತು ಹಾಗೇ ಉಳಿದಿತ್ತು. ಅಂಬರೀನ್ ಮನೆಯಲ್ಲೇ ಇದ್ದು ಪಾತ್ರೆ ತೊಳೆದಳು, ಬಟ್ಟೆ ಒಗೆದಳು, ಒಂದೂ ಪ್ರಶ್ನೆ ಕೇಳಲಿಲ್ಲ. ಚೈತ್ರ ಮೇಡಂ ಫೋನ್ ಮಾಡಿ ವರದಿಗೆ ಬೇರೆ ಕುಟುಂಬ ಹುಡುಕಿಕೊಡುತ್ತೇನೆ ಎಂದರು, ಬರಲಾಗುವುದಿಲ್ಲ ಎಂದಳು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಶೈಸ್ತಾ ತಾನಾಗಿ ಬಾಯಿ ತೆರೆದಳು.

“ಅಬ್ಬಾ, ಅವಳು ಕಾಲೇಜಿಗೆ ಹೋಗಲಿ.”

ಖಲೀಮುಲ್ಲಾ ತುತ್ತು ತಡೆದರು. “ಇಷ್ಟೆಲ್ಲ ಆದ ಮೇಲೂನಾ?”

“ಇವಳು ಇಡೀ ದಿನ ಮನೇಲಿದ್ರೆ ನಂಗೆ ಮುಖ ನೋಡೋಕಾಗಲ್ಲ. ಹೋಗಲಿ.” ಆಮೇಲೆ ಅಂಬರೀನಳಿಗೆ, ಎಷ್ಟೋ ದಿನದ ಮೇಲೆ ನೇರವಾಗಿ ನೋಡುತ್ತ, “ಇನ್ನೊಬ್ಬರ ಮನೆಗೆ ಯಾಕೆ ಹೋಗ್ತೀಯ? ಇದನ್ನೇ ಬರಿ. ನನ್ನ ಮದುವೆ ಹೋಯ್ತು, ನಿನ್ನ ಪರೀಕ್ಷೆನೂ ಹೋದ್ರೆ ಏನು ಬಂದಂಗಾಯ್ತು?”

ಮನೆಯಲ್ಲಿ ಆಮೇಲೆ ಆ ವಿಷಯಕ್ಕೆ ಯಾರೂ ವಾದ ಮಾಡಲಿಲ್ಲ. ಅಂಬರೀನ್ ಮರುದಿನ ಬಸ್ಸು ಹತ್ತಿದಳು. ಸೀಟು ಖಾಲಿ ಇದ್ದರೂ ನಿಂತುಕೊಂಡೇ ಹೋದಳು.

ರಂಜಾನ್ ಹತ್ತಿರವಾಯಿತು. ಶೋಯೆಬ್ ಅಂಗಡಿ ತೆರೆಯುತ್ತಿಲ್ಲ, ಊಟ ಸರಿಯಾಗಿ ಮಾಡುತ್ತಿಲ್ಲ ಎಂದು ಚಿಂತಾಮಣಿಯಿಂದ ಸುದ್ದಿ ಬರುತ್ತಿತ್ತು. ದಾದಿ ಒಂದು ದಿನ ಫಾಜಿಲನ ಫೋನು ಕಿತ್ತುಕೊಂಡು ತಾವೇ ಮಾತಾಡಿದರು. “ನಿಮ್ಮಮ್ಮಿ ಇಲ್ಲೊಬ್ಬಳು ಇದಾಳೆ. ನಿನ್ನ ಮುಖ ನೋಡಬೇಕಂತೆ, ಅಳ್ತಾಳೆ. ಬಾ.”

ಅವನು ಭಾನುವಾರ ಬಂದ. ಗಡ್ಡ ಬೆಳೆದಿತ್ತು. ಚಪ್ಪಲಿ ಬಿಟ್ಟು, ಅಭ್ಯಾಸದಂತೆ ಹೊರಗಿನ ಕೋಣೆಯಲ್ಲಿ ಗಂಡಸರ ಜೊತೆ ಕೂರಲು ಹೋದ. ನಿಶ್ಚಯವಾದಾಗಿನಿಂದ ಅವನು ಕೂರುತ್ತಿದ್ದದ್ದು ಅಲ್ಲಿಯೇ. ಶೈಸ್ತಾ ಒಳಗಿರುತ್ತಿದ್ದಳು, ಅವಳು ಮಾಡಿದ ಊಟ ಫಾಜಿಲನ ಕೈಯಲ್ಲಿ ಹೊರಗೆ ಬರುತ್ತಿತ್ತು. ಮದುವೆಯ ತನಕ ಇಬ್ಬರೂ ಎದುರುಬದುರು ಆಗಬಾರದು ಎಂದು ದಾದಿಯ ಕಟ್ಟುನಿಟ್ಟು.

“ಅಲ್ಯಾಕೆ ಕೂರ್ತೀಯಪ್ಪ?” ಎಂದರು ದಾದಿ ಈಗ. “ಒಳಗೆ ಹೋಗು. ತಂಗಿಯರ ಮುಂದೆ ಎಂಥ ಪರದೆ? ಅಡುಗೆಮನೇಲೇ ಕೂತು ತಿನ್ನು, ಶೈಸ್ತಾ ಬಿಸಿಬಿಸಿ ಚಪಾತಿ ಹಾಕ್ತಾಳೆ.”

ಮುದುಕಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಶೋಯೆಬ್ ಖಲೀಮುಲ್ಲಾ ಅವರ ಮುಖ ನೋಡಿದ. ಅವರು ತಲೆಯಾಡಿಸಿದರು.

ಅಡುಗೆಮನೆಯಲ್ಲಿ ಶೈಸ್ತಾ ಒಲೆಯ ಮುಂದಿದ್ದಳು, ಅಮ್ಮಿ ಹಿಟ್ಟು ನಾದುತ್ತಿದ್ದರು, ಅಂಬರೀನ್ ಲಟ್ಟಿಸುತ್ತಿದ್ದಳು. ಅವನು ಬಾಗಿಲಲ್ಲಿ ನಿಂತದ್ದನ್ನು ಕಂಡು ಶೈಸ್ತಾಳ ಕೈ ಗಕ್ಕನೆ ತಲೆಯ ಸೆರಗಿಗೆ ಹೋಯಿತು. ಹೋದದ್ದು ಅರ್ಧದಲ್ಲೇ ಇಳಿಯಿತು. ಶಹರ್ ಬಾನು ಮಣೆ ಹಾಕಿ, ಅವನ ತಲೆ ಸವರಿ ಕೂರಿಸಿದರು. ಆಮೇಲೆ ಕೈ ತೊಳೆದುಕೊಂಡು, ಅಂಬರೀನಳ ಮೊಣಕೈ ಹಿಡಿದು ಹೊರಗೆ ಕರೆತಂದರು.

ಅವರಿಬ್ಬರೂ ಒಂದೇ ಕೋಣೆಯಲ್ಲಿ, ಬೇರೆ ಯಾರ ಕಣ್ಣೂ ಇಲ್ಲದೆ, ಇದ್ದದ್ದು ಅದೇ ಮೊದಲು. ಈಗ ಯಾರದೂ ಅಡ್ಡಿ ಇರಲಿಲ್ಲ. ಬಾಗಿಲು ಮುಚ್ಚುವ ಅಗತ್ಯವೂ ಇರಲಿಲ್ಲ, ತೆರೆದಿಟ್ಟು ಕಾಯುವ ಅಗತ್ಯವೂ ಇರಲಿಲ್ಲ.

ಹಜಾರದಲ್ಲಿ ಕೂತ ಅಂಬರೀನಳಿಗೆ ಮೊದಲು ಹೆಂಚಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಶೈಸ್ತಾಳ ದನಿ.

“ಇನ್ನೊಂದು ಹಾಕ್ಲಾ, ಭಾಯಿ?”

ತಟ್ಟೆ ಮುಂದೆ ಸರಿಸಿದ ಸದ್ದಾಯಿತು.

“ಹಾಕು.”

ಅವಳು ಹಾಕಿದಳು. ಆಮೇಲೆ ಇನ್ನೊಂದು, ಮತ್ತೊಂದು. ಹಿಟ್ಟು ಮುಗಿಯುವ ತನಕ ಅವಳು ಹಾಕುತ್ತಲೇ ಇದ್ದಳು, ಅವನು ಒಮ್ಮೆಯೂ ಸಾಕು ಎನ್ನಲಿಲ್ಲ.